ತಪ್ಪು ಮಾಡಿದ ಹುಡುಗರಿಗೆ ಕಟ್ಟಿದ ಮನೆಗಳು

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಕೊಡಿ ಎಂದು ಗುರುಗಳು ಕೇಳಿದಾಗ, ಬೋನಾಳ ಕೆರೆಯ ಬಗ್ಗೆಯೋ ಸುರಪುರ ಸಂಸ್ಥಾನದ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿರಬೇಕು. ಅದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಶಾಲೆಯಲ್ಲಿ ಓದಿದವರಲ್ಲೇ ಬಹಳ ಮಂದಿ ಇದ್ದಾರೆ. ನಾನು ಆರಿಸಿಕೊಂಡದ್ದು ಸಂಭ್ರಮದ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಜಾಗ ಸಿಗದ ಇತಿಹಾಸ. ದೊಡ್ಡ ಅಪರಾಧ ಮಾಡಿದ ಹುಡುಗರನ್ನು ನಮ್ಮ ನಾಡು ಎಲ್ಲಿಟ್ಟಿತು, ಹೇಗೆ ತಿದ್ದಲು ನೋಡಿತು ಎಂಬುದು. ಇದಕ್ಕೆ ಕಾರಣವಿದೆ. ಪ್ರೌಢಶಾಲೆಯ ಮಕ್ಕಳ ವಯಸ್ಸು 13ರಿಂದ 16. ಇಂದಿನ ಕಾನೂನು ದೊಡ್ಡ ಗೆರೆಯೊಂದನ್ನು ಎಳೆದಿರುವುದೂ 16ನೆಯ ವಯಸ್ಸಿಗೇ. ಎಸ್‌ಎಸ್‌ಎಲ್‌ಸಿ ಮುಗಿಸಿಯೋ ನಡುವೆಯೇ ಬಿಟ್ಟೋ ಶಾಲೆಯ ಬಾಗಿಲು ದಾಟುವ ಹುಡುಗ ಆ ಗೆರೆಯ ಹತ್ತಿರವೇ ನಿಂತಿರುತ್ತಾನೆ.

ಬ್ರಿಟಿಷರ ಕಾಲದಿಂದ ಆರಂಭಿಸೋಣ. 1850ರ ಅಪ್ರೆಂಟಿಸ್ ಕಾಯ್ದೆಯು 10ರಿಂದ 18 ವರ್ಷದ ಬಡ ಮಕ್ಕಳನ್ನು, ಸಣ್ಣ ಅಪರಾಧ ಮಾಡಿದವರನ್ನೂ ಸೇರಿಸಿ, ಕಸುಬು ಕಲಿಯಲು ಒಬ್ಬ ಯಜಮಾನನ ಕೈಕೆಳಗೆ ಬಿಡಲು ಅವಕಾಶ ಕೊಟ್ಟಿತು. 1876ರಲ್ಲಿ, ಮತ್ತೆ 1897ರಲ್ಲಿ ಸುಧಾರಣಾ ಶಾಲೆಗಳ ಕಾಯ್ದೆ ಬಂತು. ಎರಡನೆಯದರ ಪ್ರಕಾರ 15 ವರ್ಷದೊಳಗಿನ ಹುಡುಗನನ್ನು ಜೈಲಿಗೆ ಕಳಿಸುವ ಬದಲು 3ರಿಂದ 7 ವರ್ಷ ಇಂಥ ಶಾಲೆಯಲ್ಲಿ ಇಡಬಹುದಿತ್ತು. 18 ತುಂಬಿದ ಮೇಲೆ ಇಡುವಂತಿರಲಿಲ್ಲ. 1919-20ರ ಭಾರತೀಯ ಜೈಲುಗಳ ಸಮಿತಿಯು ಮಕ್ಕಳಿಗೆ ಜೈಲು ತಕ್ಕ ಜಾಗವಲ್ಲ ಎಂದು ವರದಿ ಕೊಟ್ಟ ಮೇಲೆ, ಮದ್ರಾಸಿನಲ್ಲಿ 1920ರಲ್ಲಿ, ಬಂಗಾಳದಲ್ಲಿ 1922ರಲ್ಲಿ, ಮುಂಬಯಿಯಲ್ಲಿ 1924ರಲ್ಲಿ ಮಕ್ಕಳ ಕಾಯ್ದೆಗಳಾದವು.

ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಬಳ್ಳಾರಿ ಮದ್ರಾಸಿನಲ್ಲಿ, ಧಾರವಾಡ-ವಿಜಾಪುರ ಮುಂಬಯಿಯಲ್ಲಿ, ನಮ್ಮ ಸುರಪುರ-ಶಹಾಪುರ ನಿಜಾಮರ ಹೈದರಾಬಾದಿನಲ್ಲಿ ಇದ್ದವು. ಸುರಪುರದ ಗಡಿ ದಾಟಿ ಮುದ್ದೇಬಿಹಾಳದ ಕಡೆ ಹೋದರೆ ಬೇರೆ ಸರಕಾರ, ಬೇರೆ ಕೋರ್ಟು. ಒಂದೇ ಭಾಷೆಯಾಡುವ ಇಬ್ಬರು ಹುಡುಗರು ಒಂದೇ ತಪ್ಪು ಮಾಡಿದರೂ ಅವರನ್ನು ಅಳೆಯುವ ಕಾನೂನು ಮಾತ್ರ ಬೇರೆ ಬೇರೆ.

ಕನ್ನಡ ಸೀಮೆಯಲ್ಲಿ ಈ ವಿಷಯಕ್ಕೆ ಮುಖ್ಯವಾದ ಊರು ಧಾರವಾಡ. ಮುಂಬಯಿ ಪ್ರಾಂತದ ಬಾಲಾಪರಾಧಿಗಳ ಜೈಲು ಅಲ್ಲಿತ್ತು. 1929ರ ಮುಂಬಯಿ ಬೋರ್ಸ್ಟಲ್ ಶಾಲೆಗಳ ಕಾಯ್ದೆಯ ನಂತರ ಅಲ್ಲಿ ಬೋರ್ಸ್ಟಲ್ ಶಾಲೆ ನಡೆಯಿತು. ಬೋರ್ಸ್ಟಲ್ ಎಂಬುದು ಇಂಗ್ಲೆಂಡಿನ ಕೆಂಟ್ ಪ್ರದೇಶದ ಒಂದು ಹಳ್ಳಿಯ ಹೆಸರು. 1902ರಲ್ಲಿ ಆ ಹಳ್ಳಿಯಲ್ಲಿ ಎಳೆಯ ಕೈದಿಗಳನ್ನು ದೊಡ್ಡ ಕೈದಿಗಳಿಂದ ಬೇರ್ಪಡಿಸಿ, ಕೆಲಸ, ಕವಾಯತು, ಓದು ಇವುಗಳಿಂದ ತಿದ್ದುವ ಪ್ರಯತ್ನ ಶುರುವಾಯಿತು. ಚೆನ್ನಾಗಿ ನಡೆದುಕೊಂಡವನನ್ನು ಅವಧಿಗೆ ಮೊದಲೇ ನಿಗಾ ಇಟ್ಟು ಹೊರಗೆ ಬಿಡುವುದು ಆ ಪದ್ಧತಿಯ ಜೀವಾಳ. ಒಂದು ಹಳ್ಳಿಯ ಹೆಸರು ಹೀಗೆ ಕಡಲು ದಾಟಿ ಧಾರವಾಡದ ಕಟ್ಟಡಕ್ಕೆ ಬಂತು. ಏಕೀಕರಣದ ನಂತರ 1963ರಲ್ಲಿ ನಮ್ಮ ರಾಜ್ಯವೇ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಮಾಡಿತು, 1964ರಲ್ಲಿ ಮಕ್ಕಳ ಕಾಯ್ದೆ ಮಾಡಿತು. ಇಂಗ್ಲೆಂಡು ಮಾತ್ರ 1982ರಲ್ಲಿ ಬೋರ್ಸ್ಟಲ್ ಪದ್ಧತಿಯನ್ನೇ ರದ್ದುಮಾಡಿತು.

ಇದೇ ಕಾಲದ ಇನ್ನೊಂದು ಕತೆಯನ್ನೂ ಹೇಳಬೇಕು. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ಮುಂದೆ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅವರನ್ನು ಕೂಡಿಹಾಕುವ ವಸಾಹತುಗಳಾದವು. ಹುಬ್ಬಳ್ಳಿ ಮತ್ತು ಗದಗದಲ್ಲಿ ಇವತ್ತಿಗೂ ಆ ಓಣಿಗಳನ್ನು ಜನ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಅಲ್ಲಿನ ಮಗು ಏನನ್ನೂ ಕದಿಯಬೇಕಿರಲಿಲ್ಲ, ಯಾರನ್ನೂ ಹೊಡೆಯಬೇಕಿರಲಿಲ್ಲ. ಹುಟ್ಟಿದ್ದೇ ತಪ್ಪಾಗಿತ್ತು. ಸ್ವಾತಂತ್ರ್ಯಾನಂತರ, 1952ರಲ್ಲಿ, ಆ ಸಮುದಾಯಗಳನ್ನು ಆ ಪಟ್ಟಿಯಿಂದ ಬಿಡಿಸಲಾಯಿತು. ಕಾನೂನು ಒಂದು ದಿನದಲ್ಲಿ ಬದಲಾಯಿತು. ಅಂಟಿದ ಹೆಸರು ಬಿಡಲು ಎಷ್ಟೋ ತಲೆಮಾರು ಬೇಕಾಯಿತು. ‘ತಿದ್ದುವುದು’ ಎಂಬ ಮಾತಿನ ಹಿಂದೆ ‘ದೂರವಿಡುವುದು’ ಅಡಗಿ ಕೂರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1986ರಲ್ಲಿ ಇಡೀ ದೇಶಕ್ಕೆ ಒಂದೇ ಬಾಲನ್ಯಾಯ ಕಾಯ್ದೆ ಬಂತು. ಆಗ ಹುಡುಗನಾದರೆ 16, ಹುಡುಗಿಯಾದರೆ 18 ವರ್ಷದೊಳಗಿನವರು ಬಾಲರು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿ ಸಮ್ಮತಿಸಿತು. 2000ದ ಕಾಯ್ದೆ ಇಬ್ಬರಿಗೂ 18 ಎಂದಿತು. 2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ನಡೆದ ಕ್ರೌರ್ಯದಲ್ಲಿ 17 ವರ್ಷದ ಒಬ್ಬನೂ ಇದ್ದ. ಅವನಿಗೆ 3 ವರ್ಷ ವಿಶೇಷ ಗೃಹದ ವಾಸವಷ್ಟೇ ಆದಾಗ ದೇಶ ಕುದಿಯಿತು. ಅದರ ಫಲವೇ 2015ರ ಕಾಯ್ದೆ. ಅದು 2016ರ ಜನವರಿ 15ರಿಂದ ಜಾರಿಯಲ್ಲಿದೆ.

ಈ ಕಾಯ್ದೆ ಹೇಗೆ ನಡೆಯುತ್ತದೆ ಎಂಬುದು ನಮ್ಮ ಊರಿನವರಿಗೆ ತಿಳಿದಿರಬೇಕು. 18 ತುಂಬದವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಹಾಕುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಜಾಮೀನು ಆಗದಿದ್ದರೆ ವಿಚಾರಣೆ ಮುಗಿಯುವವರೆಗೆ ವೀಕ್ಷಣಾಲಯ. ಹಿರಿಯರು ರಿಮಾಂಡ್ ಹೋಮ್ ಎನ್ನುವುದು ಇದನ್ನೇ. ತಪ್ಪು ರುಜುವಾತಾದರೆ ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ. ಅಲ್ಲಿ ಓದು, ಕಸುಬು, ಆಪ್ತ ಸಮಾಲೋಚನೆ, ಮಾನಸಿಕ ಚಿಕಿತ್ಸೆ, ವ್ಯಸನವಿದ್ದರೆ ಅದನ್ನು ಬಿಡಿಸುವುದು. ಪ್ರತಿ ಮಗುವಿಗೂ ಅದರದೇ ಆದ ಪಾಲನಾ ಯೋಜನೆ ಬರೆಯಬೇಕು.

ಕನಿಷ್ಠ 7 ವರ್ಷ ಶಿಕ್ಷೆಯಿರುವ ಘೋರ ಅಪರಾಧವನ್ನು 16 ತುಂಬಿದವನು ಮಾಡಿದ್ದಾನೆ ಎಂಬ ಆರೋಪವಿದ್ದರೆ ದಾರಿ ಬೇರೆ. ಅವನಿಗೆ ಅಂಥ ಕೃತ್ಯ ಮಾಡುವ ಶಕ್ತಿ ಇತ್ತೇ, ಅದರ ಪರಿಣಾಮ ತಿಳಿದಿತ್ತೇ, ಅದು ಯಾವ ಸಂದರ್ಭದಲ್ಲಿ ನಡೆಯಿತು ಎಂಬುದನ್ನು ಮಂಡಳಿ ಮೊದಲು ಅಳೆಯುತ್ತದೆ. ಬೇಕೆನಿಸಿದರೆ ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸುತ್ತದೆ. ಅಲ್ಲಿ ದೊಡ್ಡವರಂತೆ ವಿಚಾರಣೆ ನಡೆದರೂ 21 ತುಂಬುವವರೆಗೆ ಅವನು ‘ಸುರಕ್ಷಿತ ಸ್ಥಳ’ದಲ್ಲೇ ಇರಬೇಕು. 21 ಆದಾಗ ಅವನು ತಿದ್ದಿಕೊಂಡಿದ್ದಾನೆಯೇ ಎಂದು ನೋಡಿ, ಬಿಡಬೇಕೋ ಉಳಿದ ಅವಧಿಗೆ ಜೈಲಿಗೆ ಕಳಿಸಬೇಕೋ ನ್ಯಾಯಾಲಯ ನಿರ್ಧರಿಸುತ್ತದೆ. ಮರಣದಂಡನೆಯಾಗಲಿ, ಬಿಡುಗಡೆಯೇ ಇಲ್ಲದ ಜೀವಾವಧಿಯಾಗಲಿ ಇಲ್ಲ.

‘ಕೊಲೆ ಮಾಡಿದವನಿಗೂ ಓದು, ಕಸುಬೇ? ಸತ್ತವರ ಮನೆಯವರ ಗತಿಯೇನು?’ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಮಗಳನ್ನು ಕಳೆದುಕೊಂಡ ತಾಯಿಗೆ ಹುಡುಗನ ವಯಸ್ಸು ಸಮಾಧಾನ ಕೊಡುವುದಿಲ್ಲ. ಆದರೆ ಒಂದು ಮಾತು ನೆನಪಿಡಬೇಕು. ಆ ಹುಡುಗ ಒಂದು ದಿನ ಹೊರಗೆ ಬಂದೇ ಬರುತ್ತಾನೆ. ಅವನು ಹೇಗೆ ಬರುತ್ತಾನೆ ಎಂಬುದರ ಮೇಲೆ ಇನ್ನೊಬ್ಬ ತಾಯಿಯ ಮಗಳ ಕ್ಷೇಮ ನಿಂತಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1995ರಲ್ಲಿ ಮೆಂಡೋಟಾ ಎಂಬ ಚಿಕಿತ್ಸಾ ಕೇಂದ್ರ ತೆರೆದರು. ಬೇರೆ ಬಂದಿಗೃಹಗಳಲ್ಲಿ ಯಾರ ಕೈಗೂ ಸಿಗದ, ಅತಿ ಹಿಂಸೆಯ ಹುಡುಗರನ್ನು ಅಲ್ಲಿಗೆ ಕಳಿಸುತ್ತಾರೆ. ಹುಡುಗ ಎದುರು ನಿಲ್ಲುವುದು, ಅದಕ್ಕೆ ಶಿಕ್ಷೆ ಹೆಚ್ಚುವುದು, ಅವನು ಇನ್ನೂ ಮೊಂಡಾಗುವುದು ಎಂಬ ಸುತ್ತನ್ನು ಮುರಿಯುವುದೇ ಅಲ್ಲಿನ ಪದ್ಧತಿ. ಇವತ್ತಿನ ನಡತೆಗೆ ತಕ್ಕಂತೆ ನಾಳೆಯ ಸವಲತ್ತು. 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಚಿಕಿತ್ಸೆ ಪಡೆದು ಹೊರಬಂದವರಲ್ಲಿ ಒಬ್ಬನೂ ಕೊಲೆ ಮಾಡಲಿಲ್ಲ. ಹೋಲಿಕೆಗೆ ತೆಗೆದುಕೊಂಡ, ಅಲ್ಲಿ ಚಿಕಿತ್ಸೆ ಪಡೆಯದ ಗುಂಪಿನವರ ಕೈಯಲ್ಲಿ 16 ಜನ ಸತ್ತರು. ಕನಿಕರವನ್ನು ಬದಿಗಿಟ್ಟು ಬರೀ ಲೆಕ್ಕ ಹಾಕಿದರೂ ತಿದ್ದುವುದೇ ಊರಿಗೆ ಲಾಭ.

ಇನ್ನು ನಮ್ಮ ಪಾಲು. ನಮ್ಮ ಭಾಗದ ಎಷ್ಟೋ ಮನೆಯವರು ದುಡಿಯಲು ಬೆಂಗಳೂರು, ಮುಂಬಯಿ, ಪುಣೆಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ. ಬಡತನ ಅಪರಾಧವಲ್ಲ, ಗುಳೆಯೂ ಅಲ್ಲ. ಆದರೆ ಯಾರೂ ಹೆಸರು ಹಿಡಿದು ಕೂಗದ, ಯಾರೂ ಹಾದಿ ಕಾಯದ ಹುಡುಗನನ್ನು ಕೆಟ್ಟ ಸಂಗ ಬೇಗ ಹಿಡಿಯುತ್ತದೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ನಾಲ್ಕು ದಿನ ಕಾಣದಿದ್ದರೆ ಆ ಮನೆಗೆ ಹೋಗಿ ವಿಚಾರಿಸುವ ಗುರುಗಳು ಯಾವ ವೀಕ್ಷಣಾಲಯಕ್ಕಿಂತಲೂ ದೊಡ್ಡ ಕೆಲಸ ಮಾಡುತ್ತಾರೆ.

ಎರಡನೆಯದು, ಮರಳಿ ಬಂದವನ ವಿಷಯ. ಅಂಥ ಮಗುವಿನ ಹೆಸರು, ಫೋಟೊ, ಓದುವ ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ. ಪ್ರಕಟಿಸಿದವರಿಗೆ 6 ತಿಂಗಳವರೆಗೆ ಸಜೆ, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ವಾಟ್ಸಾಪಿನಲ್ಲಿ ಫೋಟೊ ಹರಿಬಿಡುವವರು ಇದನ್ನು ತಿಳಿದಿರಲಿ. ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಆ ದಾಖಲೆ ಹೊರಗೆಡಹುವಂತಿಲ್ಲ. ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥರಾದ 16 ದಾಟಿದವರನ್ನು ಬಿಟ್ಟು, ಉಳಿದವರಿಗೆ ಆ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟದು.

ಕಾನೂನು ಇಷ್ಟು ಮಾಡಬಲ್ಲದು. ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡುವಂತೆ ಅದು ಮಾಡಲಾರದು. ಚಹಾದಂಗಡಿಯಲ್ಲಿ ಹಳೆಯದನ್ನೆತ್ತಿ ಆಡದಂತೆ ಬಾಯಿ ಕಟ್ಟಲಾರದು. ಅದು ಶಾಲೆಯ ಮತ್ತು ಊರಿನ ಕೆಲಸ. ಐವತ್ತು ವರ್ಷ ತುಂಬಿದ ನಮ್ಮ ಶಾಲೆ ಮೊದಲ ದರ್ಜೆಯಲ್ಲಿ ಪಾಸಾದವರ ಪಟ್ಟಿಯನ್ನು ಹೆಮ್ಮೆಯಿಂದ ಅಚ್ಚುಹಾಕಲಿ. ಜೊತೆಗೆ, ನಡುವೆ ದಾರಿ ತಪ್ಪಿ ಮರಳಿ ಬಂದ ಒಬ್ಬನನ್ನು ಏನೂ ಕೇಳದೆ ತರಗತಿಯಲ್ಲಿ ಕೂರಿಸಿಕೊಂಡ ಶಾಲೆ ಎಂಬ ಹೆಸರೂ ಇದಕ್ಕೆ ಬರಲಿ ಎಂದು ಹಾರೈಸುತ್ತೇನೆ.