ಪಾದ್ರಿಗಳ ಮನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದೊಡನೆ ನಮಗೆ ಕೋಟೆಗಳೂ ಪಾಳೆಯಗಾರರೂ ನೆನಪಿಗೆ ಬರುವುದು ಸಹಜ. ತುಮಕೂರು ಜಿಲ್ಲೆಯ ಈ ಉತ್ತರ ಭಾಗದ ಚರಿತ್ರೆಯನ್ನು ಕೋಟೆಗಳ ಮೂಲಕ ಓದುವುದೇ ವಾಡಿಕೆಯಾಗಿದೆ. ನಾನು ಇಂದು ಹೇಳಬಯಸುವುದಾದರೋ ಯಾವ ಶಾಸನವೂ ಹೊಗಳದ ಒಂದು ಬಗೆಯ ಮನೆಯ ಸಂಗತಿಯನ್ನು. ಕ್ರೈಸ್ತ ಸಭೆ ತನ್ನ ಪಾದ್ರಿಯ ವಾಸಕ್ಕೆಂದು ಒದಗಿಸುವ ಮನೆ ಅದು.

ಈ ಕಥೆಯ ಮೊದಲು ಶಿರಾ ಸೀಮೆಗೆ ನೆರೆಯ ಗುಬ್ಬಿಯಲ್ಲಿದೆ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರು 1837ರಲ್ಲಿ ಅಲ್ಲಿ ನೆಲೆಯೂರಿದರು. 1839ರಲ್ಲಿ ವಿಲಿಯಂ ಆರ್ಥರರು ಬಂದು ಸೇರಿದರು. ಹಾಡ್ಸನ್ನರು ಮುಂದೆ ಇಂಗ್ಲಿಷ್ ಬಲ್ಲವರಿಗಾಗಿ ಕನ್ನಡ ವ್ಯಾಕರಣವೊಂದನ್ನು ರಚಿಸಿದರು. ಆರ್ಥರರು ತಮ್ಮ ಅನುಭವಗಳನ್ನು 1847ರಲ್ಲಿ ಗ್ರಂಥವಾಗಿ ಪ್ರಕಟಿಸಿದರು.

ನಮ್ಮ ಹಳ್ಳಿಗಳಲ್ಲಿ ಅರ್ಚಕನಿಗೆ ಇನಾಂ ಭೂಮಿಯಿರುತ್ತಿತ್ತು. ಪೂಜೆಯ ಹಕ್ಕಿನೊಡನೆ ಅದೂ ತಂದೆಯಿಂದ ಮಗನಿಗೆ ಬರುತ್ತಿತ್ತು. ಧಾರ್ಮಿಕ ಇನಾಮುಗಳನ್ನು ರದ್ದುಗೊಳಿಸಿದ್ದು 1955ರ ಮೈಸೂರು ಕಾಯಿದೆ. ಪಾದ್ರಿಯ ಮನೆಯ ಕ್ರಮವೇ ಬೇರೆ. ಅದು ವಂಶಕ್ಕೆ ಸೇರಿದ್ದಲ್ಲ, ಹುದ್ದೆಗೆ ಸೇರಿದ್ದು. ಪಾದ್ರಿಯನ್ನು ಕೆಲವು ವರ್ಷಗಳಿಗೊಮ್ಮೆ ಬೇರೆಡೆಗೆ ಕಳುಹಿಸುವುದು ವೆಸ್ಲಿಯನ್ನರ ಮೂಲ ನಿಯಮಗಳಲ್ಲೊಂದು. ಹೊಸಬರು ಬರುತ್ತಾರೆ, ಹಳಬರು ಹೊರಡುತ್ತಾರೆ. ಮನೆ ಮಾತ್ರ ಅಲ್ಲಿಯೇ ನಿಲ್ಲುತ್ತದೆ.

ಈ ವ್ಯವಸ್ಥೆಯ ಕಷ್ಟವನ್ನು ಪಂಥದ ಮೂಲಪುರುಷ ಜಾನ್ ವೆಸ್ಲಿಯೇ ಬಲ್ಲವನಾಗಿದ್ದ. ಅವನ ತಂದೆ ಇಂಗ್ಲೆಂಡಿನ ಎಪ್‌ವರ್ತ್ ಗ್ರಾಮದ ಪಾದ್ರಿ. 1709ರಲ್ಲಿ ಅಲ್ಲಿನ ಪಾದ್ರಿಮನೆಗೆ ಬೆಂಕಿ ಬಿದ್ದಾಗ ಐದು ವರ್ಷದ ಜಾನನನ್ನು ಕಿಟಕಿಯಿಂದ ಇಳಿಸಿ ಉಳಿಸಿದರು. ಮತ್ತೆ ಕಟ್ಟಿದ ಆ ಮನೆಯೂ 1735ರಲ್ಲಿ ತಂದೆ ತೀರಿಕೊಂಡೊಡನೆ ಕುಟುಂಬದ ಕೈತಪ್ಪಿತು. ತಾಯಿ ಸುಸಾನಾ ಮಕ್ಕಳ ಆಶ್ರಯವನ್ನು ಅರಸಬೇಕಾಯಿತು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಉದಯಿಸಿತು. ಪರದೇಶದ ಮಿಷನರಿಗಳ ಸ್ಥಾನಕ್ಕೆ ನಮ್ಮ ನೆಲದ ಸಭಾಪಾಲಕರು ಬಂದರು. ಆಸ್ತಿಯನ್ನು ನೋಡಿಕೊಳ್ಳಲು ಸಭೆಯದೇ ಟ್ರಸ್ಟ್ ಸಂಸ್ಥೆಯೊಂದು ಏರ್ಪಟ್ಟಿತು. ಆದರೂ ವರ್ಗಾವಣೆಯ ಪದ್ಧತಿ ನಿಲ್ಲಲಿಲ್ಲ. ಮನೆ ಹುದ್ದೆಯದೇ ಆಗಿ ಉಳಿಯಿತು.

ಇದು ಒಳ್ಳೆಯ ಕ್ರಮವೆಂದೇ ನನ್ನ ಎಣಿಕೆ. ಧರ್ಮದ ಸೇವೆ ಮನೆತನದ ಸೊತ್ತಾಗದಂತೆ ಅದು ಕಾಯುತ್ತದೆ. ಆದರೆ ಅದರ ಬೆಲೆಯನ್ನು ತೆರುವವರು ಪಾದ್ರಿಯ ಮಡದಿ ಮಕ್ಕಳು. ಜೀವಮಾನವೆಲ್ಲ ಊರವರ ಮದುವೆಗೂ ಸಾವಿಗೂ ಬಾಗಿಲು ತೆರೆದಿಟ್ಟ ದಂಪತಿಗಳು ನಿವೃತ್ತಿಯ ದಿನ ಬೀಗದ ಕೈಯನ್ನು ಒಪ್ಪಿಸಿ ಹೊರಡುತ್ತಾರೆ. ಅಂದು ಅವರು ಯಾವ ಸೂರಿನ ಕೆಳಗೆ ಮಲಗುವರೆಂದು ವಿಚಾರಿಸುವ ಹೊಣೆ, ಆ ಬೀಗದ ಕೈಯನ್ನು ಪಡೆದುಕೊಳ್ಳುವ ಸಭೆಯದೇ ಅಲ್ಲವೆ?