ಎತ್ತರಿಸಿದ ಪಿಕಪ್ ವಾಹನಗಳ ಸಸ್ಪೆನ್ಷನ್ ಹೊಂದಾಣಿಕೆ

ಎತ್ತರಿಸಿದ ಪಿಕಪ್ ವಾಹನಗಳ ಸಸ್ಪೆನ್ಷನ್ ಹೊಂದಾಣಿಕೆ ಎಂದರೆ, ಹೆಚ್ಚು ಭಾರ ಹೊರಲು ಅಥವಾ ಕೆಟ್ಟ ದಾರಿಯಲ್ಲಿ ಸಾಗಲು ಅನುಕೂಲವಾಗಲೆಂದು ಮೂಲ ಮಟ್ಟಕ್ಕಿಂತ ಮೇಲೇರಿಸಿದ ಲಘು ಸರಕು ವಾಹನದ ಕುಲುಕಾಟವನ್ನು ತಗ್ಗಿಸುವ ಕೆಲಸ. ಇದರಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್, ಟೈರಿನ ಗಾಳಿ ಮತ್ತು ಚಕ್ರಗಳ ಜೋಡಣೆಯನ್ನು ಒಟ್ಟಾಗಿ ಪರಿಶೀಲಿಸಲಾಗುತ್ತದೆ. ಇಂತಹ ವಾಹನ ಒರಟಾಗಿ ಸಾಗುವುದಕ್ಕೆ ಮುಖ್ಯ ಕಾರಣ ಅದರ ಎತ್ತರವಲ್ಲ. ಎತ್ತರಿಸುವಾಗ ಸ್ಪ್ರಿಂಗಿನಲ್ಲಿ ಹೆಚ್ಚಿದ ಬಿಗಿತ. ಆದ್ದರಿಂದ ವಾಹನವು ದಿನನಿತ್ಯ ಹೊರುವ ಭಾರಕ್ಕೆ ಸ್ಪ್ರಿಂಗಿನ ಬಿಗಿತವನ್ನು ಹೊಂದಿಸುವುದೇ ಈ ಕೆಲಸದ ತಿರುಳು.

ಪ್ರಾದೇಶಿಕ ಹಿನ್ನೆಲೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು ಬಯಲುಸೀಮೆ ಮತ್ತು ಮಲೆನಾಡು ಕೂಡುವ ಭಾಗದಲ್ಲಿವೆ. ಅಜ್ಜಂಪುರವು ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಯಿತು. ತೆಂಗು, ಅಡಿಕೆ, ಈರುಳ್ಳಿ, ಆಲೂಗಡ್ಡೆ, ರಾಗಿ ಮುಂತಾದವು ಈ ಭಾಗದ ಬೆಳೆಗಳು. ತೋಟ ಮತ್ತು ಹೊಲಗಳಿಂದ ಮಾರುಕಟ್ಟೆಗೆ ಇವುಗಳನ್ನು ಸಾಗಿಸುವಲ್ಲಿ ಪಿಕಪ್ ವಾಹನಗಳ ಪಾತ್ರ ದೊಡ್ಡದು.

ಈ ವಾಹನಗಳು ಒಂದೇ ದಿನದಲ್ಲಿ ಬೇರೆ ಬೇರೆ ಬಗೆಯ ದಾರಿಗಳನ್ನು ಕ್ರಮಿಸಬೇಕಾಗುತ್ತದೆ. ಕಡೂರು, ಬೀರೂರು ಮತ್ತು ತರೀಕೆರೆಗಳ ಮೂಲಕ ತುಮಕೂರು–ಶಿವಮೊಗ್ಗ ಹೆದ್ದಾರಿ ಹಾದುಹೋಗುತ್ತದೆ. ಹಿಂದೆ ಇದರ ಸಂಖ್ಯೆ 206 ಆಗಿತ್ತು. ಅಜ್ಜಂಪುರದ ಸುತ್ತಲಿನ ಕಪ್ಪು ಮಣ್ಣಿನ ಹೊಲದಾರಿಗಳು ಮಳೆಗಾಲದಲ್ಲಿ ಕೆಸರಾಗಿ, ಬಳಿಕ ಗಾಲಿಯ ಜಾಡು ಬಿದ್ದ ಹಾಗೆಯೇ ಗಟ್ಟಿಯಾಗುತ್ತವೆ. ತರೀಕೆರೆಯಿಂದ ಲಿಂಗದಹಳ್ಳಿಯ ಮೂಲಕ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಗಳ ಕಡೆಗೆ ಏರುವ ರಸ್ತೆಯು ತಿರುವುಗಳಿಂದ ಕೂಡಿದೆ. ಹೊಲದಾರಿಗೆ ನೆಲದಿಂದ ಎತ್ತರ ಬೇಕು, ಹೆದ್ದಾರಿಗೆ ನಯವಾದ ಚಲನೆ ಬೇಕು, ಘಟ್ಟದ ತಿರುವಿಗೆ ಸ್ಥಿರತೆ ಬೇಕು. ಈ ಮೂರನ್ನೂ ಒಂದೇ ಸಸ್ಪೆನ್ಷನ್ ಪೂರೈಸಬೇಕು.

ಇದರೊಂದಿಗೆ ಇನ್ನೊಂದು ತೊಡಕಿದೆ. ಮಾರುಕಟ್ಟೆಗೆ ತುಂಬಿ ಹೋಗುವ ವಾಹನವು ಹಲವು ಬಾರಿ ಖಾಲಿಯಾಗಿ ಮರಳುತ್ತದೆ. ತುಂಬಿದ ಹೊರೆಗೆ ತಕ್ಕಂತೆ ಬಿಗಿಗೊಳಿಸಿದ ಸ್ಪ್ರಿಂಗು ಮರಳುವ ದಾರಿಯಲ್ಲಿ ಚಾಲಕನ ಬೆನ್ನಿಗೆ ಪೆಟ್ಟು ಕೊಡುತ್ತದೆ.

ಸಸ್ಪೆನ್ಷನ್ನಿನ ರಚನೆ

ಸರಕು ಪಿಕಪ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಪಟ್ಟಿ ಸ್ಪ್ರಿಂಗ್ ಇರುತ್ತದೆ. ಆಡುಮಾತಿನಲ್ಲಿ ಇದನ್ನು ‘ಕಮಾನು ಪಟ್ಟಿ’ ಅಥವಾ ‘ಬ್ಲೇಡು’ ಎನ್ನುತ್ತಾರೆ. ಬಾಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಬೋಲ್ಟಿನಿಂದ ಬಂಧಿಸಿ, ಯು-ಬೋಲ್ಟುಗಳಿಂದ ಆಕ್ಸಲಿಗೆ ಬಿಗಿಯಲಾಗುತ್ತದೆ. ಎಲ್ಲಕ್ಕಿಂತ ಉದ್ದನೆಯ ಮುಖ್ಯ ಪಟ್ಟಿಯ ಒಂದು ತುದಿ ಚಾಸಿಗೆ ನೇರವಾಗಿಯೂ ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುಕೊಂಡಿಯ ಮೂಲಕವೂ ಸೇರುತ್ತದೆ. ಭಾರ ಬಿದ್ದಾಗ ಪಟ್ಟಿಯು ಚಪ್ಪಟೆಯಾಗಿ ಉದ್ದವಾಗುವುದಕ್ಕೆ ಶ್ಯಾಕಲ್ ಎಡೆ ಮಾಡಿಕೊಡುತ್ತದೆ. ಮುಂಬದಿಯಲ್ಲಿ ಮಾದರಿಗೆ ಅನುಗುಣವಾಗಿ ಪಟ್ಟಿ ಸ್ಪ್ರಿಂಗ್, ಸುರುಳಿ ಸ್ಪ್ರಿಂಗ್ ಅಥವಾ ತಿರುಚು ಸರಳು ಇರುತ್ತದೆ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಮುಂತಾದ ಪಿಕಪ್‌ಗಳಲ್ಲಿ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಪಟ್ಟಿ ಸ್ಪ್ರಿಂಗ್ ಇದೆ.

ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಶಾಕ್ ಅಬ್ಸಾರ್ಬರ್ ಹೊಸದಾಗಿದ್ದ ಮಾತ್ರಕ್ಕೆ ಅತಿ ಬಿಗಿಯಾದ ಸ್ಪ್ರಿಂಗು ಮೆದುವಾಗುವುದಿಲ್ಲ.

ಎತ್ತರಿಸುವ ವಿಧಾನಗಳು ಮತ್ತು ಪರಿಣಾಮ

* ಹೆಚ್ಚುವರಿ ಪಟ್ಟಿ ಸೇರಿಸುವುದು: ಭಾರತದ ಸರಕು ವಾಹನಗಳಲ್ಲಿ ರೂಢಿಯಲ್ಲಿರುವ ವಿಧಾನ. ಎತ್ತರ ಮತ್ತು ಬಿಗಿತ ಎರಡೂ ಹೆಚ್ಚುತ್ತವೆ.
* ಪಟ್ಟಿಗಳನ್ನು ಮತ್ತೆ ಬಾಗಿಸುವುದು: ಇಳಿದುಹೋದ ಕಮಾನನ್ನು ಮೊದಲಿನ ಆಕಾರಕ್ಕೆ ತರಲಾಗುತ್ತದೆ. ಬಿಗಿತ ಹೆಚ್ಚು ಬದಲಾಗುವುದಿಲ್ಲ. ಆದರೆ ಉಕ್ಕಿನ ಹದ ಕೆಡುವಂತೆ ಕಾಯಿಸಿ ಬಾಗಿಸಿದರೆ ಪಟ್ಟಿ ಬೇಗ ಕುಸಿಯುತ್ತದೆ ಅಥವಾ ತುಂಡಾಗುತ್ತದೆ.
* ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಉಕ್ಕಿನ ದಿಮ್ಮಿ ಇಡುವುದು: ಬಿಗಿತ ಬದಲಾಗದೆ ಎತ್ತರ ಹೆಚ್ಚುತ್ತದೆ. ಆದರೆ ಎಂಜಿನ್ನಿನ ಎಳೆತ ಮತ್ತು ಬ್ರೇಕಿನ ವೇಳೆ ಆಕ್ಸಲ್ ತಿರುಚಿಕೊಳ್ಳುವ ಪ್ರವೃತ್ತಿ ಹೆಚ್ಚುತ್ತದೆ. ದಿಮ್ಮಿಯ ಮೇಲೆ ದಿಮ್ಮಿ ಇಡುವುದು ಅಪಾಯಕರ. ಮುಂದಿನ ಆಕ್ಸಲಿಗೆ ಈ ವಿಧಾನ ಸಲ್ಲದು.
* ಉದ್ದನೆಯ ಶ್ಯಾಕಲ್: ಎತ್ತರ ಹೆಚ್ಚುತ್ತದೆಯಾದರೂ ಆಕ್ಸಲಿನ ಕೋನ ಬದಲಾಗುತ್ತದೆ ಮತ್ತು ಅಡ್ಡ ಅಲುಗಾಟಕ್ಕೆ ಎಡೆಯಾಗುತ್ತದೆ.
* ತಿರುಚು ಸರಳನ್ನು ಬಿಗಿಯುವುದು: ಮುಂಭಾಗ ಮೇಲೇರುತ್ತದೆ. ಆದರೆ ಚಕ್ರವು ಹೊಂಡಕ್ಕೆ ಇಳಿಯಲು ಉಳಿಯುವ ಅಂತರ ಕಡಿಮೆಯಾಗಿ, ಪ್ರತಿ ಗುಂಡಿಯಲ್ಲೂ ಬಡಿತ ಕೇಳಿಸುತ್ತದೆ.

ಕುಲುಕಾಟದ ಲೆಕ್ಕ

ಪಟ್ಟಿ ಸ್ಪ್ರಿಂಗಿನ ಬಿಗಿತವು ಪಟ್ಟಿಗಳ ಸಂಖ್ಯೆ ಮತ್ತು ಅಗಲಕ್ಕೆ ನೇರ ಅನುಪಾತದಲ್ಲಿಯೂ, ದಪ್ಪದ ಘನಕ್ಕೆ ನೇರ ಅನುಪಾತದಲ್ಲಿಯೂ, ಉದ್ದದ ಘನಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಆದ್ದರಿಂದ ಪಟ್ಟಿಯ ದಪ್ಪವನ್ನು 7 ಮಿಲಿಮೀಟರಿನಿಂದ 8ಕ್ಕೆ ಏರಿಸಿದರೆ ಆ ಪಟ್ಟಿಯ ಬಿಗಿತ ಸುಮಾರು ಒಂದೂವರೆ ಪಟ್ಟಾಗುತ್ತದೆ. ಕೈಗೆ ಸಿಕ್ಕಿದ ದಪ್ಪ ಪಟ್ಟಿಯನ್ನು ಸೇರಿಸಬಾರದು ಎನ್ನುವುದಕ್ಕೆ ಇದೇ ಕಾರಣ.

ಒಂದು ಕಾಲ್ಪನಿಕ ಉದಾಹರಣೆಯಿಂದ ಪರಿಣಾಮವನ್ನು ತಿಳಿಯಬಹುದು. ಹಿಂಬದಿಯ ಎರಡು ಸ್ಪ್ರಿಂಗುಗಳ ಒಟ್ಟು ಬಿಗಿತ ಮಿಲಿಮೀಟರಿಗೆ 200 ನ್ಯೂಟನ್ ಇರಲಿ. ಖಾಲಿ ವಾಹನದಲ್ಲಿ ಅವು ಹೊರುವ ತೂಕ 500 ಕಿಲೋಗ್ರಾಂ, ಸರಕು ತುಂಬಿದಾಗ 2,000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಆಗ ಹಿಂಭಾಗದ ಸಹಜ ಕಂಪನವು ಖಾಲಿಯಿದ್ದಾಗ ಸೆಕೆಂಡಿಗೆ ಸುಮಾರು 3.2 ಬಾರಿ, ತುಂಬಿದಾಗ 1.6 ಬಾರಿ ಆಗುತ್ತದೆ. ಎಂಟು ಪಟ್ಟಿಗಳಿಗೆ ಅಂತಹವೇ ಎರಡನ್ನು ಸೇರಿಸಿ ಬಿಗಿತವನ್ನು ಶೇಕಡ 25ರಷ್ಟು ಹೆಚ್ಚಿಸಿದರೆ ಈ ಅಂಕಿಗಳು ಕ್ರಮವಾಗಿ 3.6 ಮತ್ತು 1.8ಕ್ಕೆ ಏರುತ್ತವೆ. 1,500 ಕಿಲೋಗ್ರಾಂ ಸರಕಿಗೆ ವಾಹನ ತಗ್ಗುವ ಪ್ರಮಾಣ ಸುಮಾರು 74 ಮಿಲಿಮೀಟರಿನಿಂದ 59ಕ್ಕೆ ಇಳಿಯುತ್ತದೆ.

ಕುಳಿತ ಮನುಷ್ಯನ ದೇಹಕ್ಕೆ ಸೆಕೆಂಡಿಗೆ 4ರಿಂದ 8 ಬಾರಿಯ ಮೇಲು–ಕೆಳಗಿನ ಕಂಪನ ಹೆಚ್ಚು ತೊಂದರೆದಾಯಕ. ಸುಖಕರ ಪ್ರಯಾಣದ ಕಾರುಗಳಲ್ಲಿ ಸಹಜ ಕಂಪನ 1ರಿಂದ 1.5ರ ಆಸುಪಾಸಿನಲ್ಲಿರುತ್ತದೆ. ಪಟ್ಟಿ ಸೇರಿಸಿದ ಖಾಲಿ ಪಿಕಪ್ ಆ ಹಿತದ ಮಿತಿಯಿಂದ ದೂರ ಸರಿದು ದೇಹಕ್ಕೆ ಹಾನಿಕರವಾದ ವ್ಯಾಪ್ತಿಯ ಅಂಚಿಗೆ ಬರುತ್ತದೆ. ಇದರ ಪರಿಣಾಮ ಚಾಲಕನಿಗೆ ಮಾತ್ರ ಸೀಮಿತವಲ್ಲ: ಟೊಮೇಟೊ, ಬಾಳೆಯಂತಹ ಮೃದು ಸರಕನ್ನು ಅರ್ಧ ಹೊರೆಯಷ್ಟೇ ತುಂಬಿದ ವಾಹನದಲ್ಲಿ ಸಾಗಿಸುವಾಗ ಅದು ಜಜ್ಜಿಹೋಗುವ ಸಾಧ್ಯತೆಯೂ ಹೆಚ್ಚು.

ಹೊಂದಾಣಿಕೆಯ ಕ್ರಮ

ಖರ್ಚಿಲ್ಲದ ಪರಿಶೀಲನೆಯಿಂದ ಆರಂಭಿಸಿ ಬಿಡಿಭಾಗ ಬದಲಾಯಿಸುವ ಹಂತಕ್ಕೆ ಸಾಗುವುದು ಸೂಕ್ತ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುತ್ತದೆ.

1. ಟೈರಿನ ಗಾಳಿ: ಪೂರ್ಣ ಹೊರೆಗೆ ತುಂಬಿಸಿದ ಗಾಳಿಯಲ್ಲೇ ಖಾಲಿ ವಾಹನ ಓಡಿಸಿದರೆ ಟೈರು ಕಲ್ಲಿನಂತೆ ಪುಟಿಯುತ್ತದೆ. ತಯಾರಕರು ಖಾಲಿ ಮತ್ತು ತುಂಬಿದ ಸ್ಥಿತಿಗೆ ಬೇರೆ ಬೇರೆ ಒತ್ತಡ ಸೂಚಿಸಿದ್ದರೆ ಅದನ್ನೇ ಪಾಲಿಸಬೇಕು. ಟೈರು ತಣ್ಣಗಿರುವಾಗಲೇ ಅಳೆಯಬೇಕು. ಹೊರೆ ತುಂಬುವ ಮುನ್ನ ಗಾಳಿಯನ್ನು ಮತ್ತೆ ಏರಿಸದಿದ್ದರೆ ಟೈರು ಕಾದು ಸಿಡಿಯುವ ಅಪಾಯವಿದೆ.

2. ಬುಷ್ ಮತ್ತು ಶ್ಯಾಕಲ್: ಧೂಳು, ಕೆಸರು ಮತ್ತು ತುಕ್ಕಿನಿಂದ ಶ್ಯಾಕಲ್ ಹಿಡಿದುಕೊಂಡರೆ ಸ್ಪ್ರಿಂಗು ಚಲಿಸುವುದಿಲ್ಲ. ಗ್ರೀಸ್ ತುಂಬುವ ವ್ಯವಸ್ಥೆಯಿರುವ ಪಿನ್ನುಗಳಿಗೆ ಕಾಲಕಾಲಕ್ಕೆ ಗ್ರೀಸ್ ತುಂಬಬೇಕು. ಸವೆದ ಬುಷ್ ಬದಲಿಸಬೇಕು. ರಬ್ಬರ್ ಬುಷ್‌ಗಳ ಬೋಲ್ಟನ್ನು ವಾಹನ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಕೊನೆಯದಾಗಿ ಬಿಗಿಯಬೇಕು. ಜ್ಯಾಕ್ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

3. ಪಟ್ಟಿಗಳ ನಡುವಿನ ಘರ್ಷಣೆ: ತುಕ್ಕು ಹಿಡಿದ ಪಟ್ಟಿಗಳು ಒಂದರ ಮೇಲೊಂದು ಜಾರದೆ, ಚಿಕ್ಕ ಉಬ್ಬುಗಳ ಪೆಟ್ಟನ್ನು ನೇರವಾಗಿ ಚಾಸಿಗೆ ದಾಟಿಸುತ್ತವೆ. ಕಟ್ಟನ್ನು ಬಿಚ್ಚಿ ಶುಚಿಗೊಳಿಸಿ, ಬಿರುಕುಗಳಿವೆಯೇ ಎಂದು ನೋಡಿ, ತುದಿಗಳ ಸವೆದ ಪ್ಯಾಡುಗಳನ್ನು ಬದಲಿಸಿ ಮರುಜೋಡಿಸಿದರೆ ಸಾಕಷ್ಟು ಹಿತ ದೊರೆಯುತ್ತದೆ.

4. ಶಾಕ್ ಅಬ್ಸಾರ್ಬರ್: ಎತ್ತರಿಸಿದ ವಾಹನದಲ್ಲಿ ಮೂಲ ಉದ್ದದ ಶಾಕ್ ಅಬ್ಸಾರ್ಬರ್ ನಿಂತ ನಿಲುವಿನಲ್ಲೇ ಬಹುಪಾಲು ಚಾಚಿಕೊಂಡಿರುತ್ತದೆ. ಚಕ್ರ ಗುಂಡಿಗಿಳಿದಾಗ ಅದು ತನ್ನ ಕೊನೆಯ ಮಿತಿಗೆ ಬಡಿಯುತ್ತದೆ. ಹೊಸ ಎತ್ತರದಲ್ಲಿ ಚಕ್ರದ ಪೂರ್ಣ ಏರಿಳಿತವನ್ನು ಅಳೆದು, ಎರಡೂ ತುದಿಗಳಲ್ಲಿ ಬಡಿಯದ ಉದ್ದದ ಶಾಕ್ ಅಬ್ಸಾರ್ಬರನ್ನು ಆರಿಸಬೇಕು. ಎಣ್ಣೆ ಸೋರಿದ್ದನ್ನು ಬದಲಿಸುವಾಗ ಎಡ–ಬಲ ಜೋಡಿಯಾಗಿಯೇ ಬದಲಿಸಬೇಕು.

5. ಪಟ್ಟಿಗಳ ಸಂಖ್ಯೆ: ಮೇಲಿನ ಕ್ರಮಗಳಿಂದ ಗುಣ ಕಾಣದಿದ್ದರೆ ಸೇರಿಸಿದ ಪಟ್ಟಿಗಳನ್ನು ಎರಡೂ ಬದಿಯಿಂದ ಸಮನಾಗಿ ತೆಗೆದು ಮೂಲ ಸಂಖ್ಯೆಗೆ ಮರಳುವುದು ನೇರ ಪರಿಹಾರ. ಆಗಾಗ ಮಾತ್ರ ಪೂರ್ಣ ಹೊರೆ ಹೊರುವ ವಾಹನಕ್ಕೆ ತಯಾರಕರು ಒದಗಿಸುವ ಎರಡು ಹಂತದ ಸ್ಪ್ರಿಂಗ್ ಸೂಕ್ತ. ಇದರಲ್ಲಿ ಸಹಾಯಕ ಪಟ್ಟಿಗಳು ಖಾಲಿಯಿದ್ದಾಗ ಕೆಲಸಕ್ಕೆ ಬರುವುದಿಲ್ಲ; ಹೊರೆ ಬಿದ್ದು ವಾಹನ ತಗ್ಗಿದ ಮೇಲಷ್ಟೇ ಆಧಾರ ಕೊಡುತ್ತವೆ.

6. ಯು-ಬೋಲ್ಟ್ ಮತ್ತು ಚಕ್ರಗಳ ಜೋಡಣೆ: ಬಿಚ್ಚಿದ ಯು-ಬೋಲ್ಟುಗಳ ಬದಲು ಹೊಸತನ್ನು ಹಾಕಿ, ಸ್ವಲ್ಪ ದೂರ ಓಡಿಸಿದ ಬಳಿಕ ಮತ್ತೊಮ್ಮೆ ನಿಗದಿತ ಪ್ರಮಾಣಕ್ಕೆ ಬಿಗಿಯಬೇಕು. ಎತ್ತರ ಬದಲಾದಾಗಲೆಲ್ಲ ಮುಂಚಕ್ರಗಳ ಕೋನಗಳನ್ನು ಪರೀಕ್ಷಿಸಬೇಕು. ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟಿದ್ದರೆ ವೇಗ ಹೆಚ್ಚಿದಂತೆ ನಡುಕ ಹೆಚ್ಚುತ್ತದೆ. ಇದನ್ನು ಸ್ಪ್ರಿಂಗಿನ ದೋಷವೆಂದು ತಪ್ಪಾಗಿ ತಿಳಿಯುವುದುಂಟು.

ಸುರಕ್ಷತೆ

ಎತ್ತರಿಸಿದ ವಾಹನದ ದೊಡ್ಡ ಅಪಾಯ ಬ್ರೇಕಿನಲ್ಲಿದೆ. ಹಲವು ಪಿಕಪ್‌ಗಳಲ್ಲಿ ಆಕ್ಸಲ್ ಮತ್ತು ಚಾಸಿಯ ನಡುವಿನ ಅಂತರವನ್ನು ಗ್ರಹಿಸಿ ಹಿಂಚಕ್ರಗಳ ಬ್ರೇಕ್ ಒತ್ತಡವನ್ನು ನಿಯಂತ್ರಿಸುವ ಕವಾಟವಿರುತ್ತದೆ. ಅಂತರ ಹೆಚ್ಚಿದ್ದರೆ ವಾಹನ ಖಾಲಿಯಿದೆ ಎಂಬಂತೆ ಅದು ವರ್ತಿಸಿ ಹಿಂಬ್ರೇಕಿನ ಬಲವನ್ನು ತಗ್ಗಿಸುತ್ತದೆ. ಪಟ್ಟಿ ಸೇರಿಸಿದ ವಾಹನ ಪೂರ್ಣ ತುಂಬಿದಾಗಲೂ ಸಾಕಷ್ಟು ತಗ್ಗುವುದಿಲ್ಲವಾದ್ದರಿಂದ, ಭಾರ ಹೊತ್ತು ಘಟ್ಟ ಇಳಿಯುವಾಗ ಹಿಂಚಕ್ರಗಳಿಗೆ ಬೇಕಾದ ಬ್ರೇಕ್ ಸಿಗದೆ ಹೋಗಬಹುದು. ಎತ್ತರದಲ್ಲಿ ಯಾವುದೇ ಬದಲಾವಣೆಯಾದರೂ ಈ ಕವಾಟದ ಹೊಂದಾಣಿಕೆಯನ್ನು ತಯಾರಕರ ಕೈಪಿಡಿಯಂತೆ ಪರೀಕ್ಷಿಸಬೇಕು.

ಎರಡನೆಯದು ಮಗುಚುವ ಅಪಾಯ. ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದಾಗ ಸ್ಥಿರತೆಯ ಸ್ಥೂಲ ಅಳತೆ ದೊರೆಯುತ್ತದೆ. ಅಗಲ 1,400 ಮಿಲಿಮೀಟರ್, ಗುರುತ್ವಕೇಂದ್ರದ ಎತ್ತರ 1,000 ಮಿಲಿಮೀಟರ್ ಆಗಿದ್ದರೆ ಇದು 0.70, ಎತ್ತರ 80 ಮಿಲಿಮೀಟರ್ ಹೆಚ್ಚಿದರೆ ಸುಮಾರು 0.65. ತೆಂಗಿನಕಾಯಿ, ಈರುಳ್ಳಿ ಚೀಲಗಳಂತಹ ಸರಕನ್ನು ಮೇಲ್ಮಟ್ಟಕ್ಕೆ ಪೇರಿಸಿದಾಗ ಈ ಅಂತರ ಇನ್ನಷ್ಟು ಕಿರಿದಾಗುತ್ತದೆ. ಹಿಂಭಾಗ ಮಾತ್ರ ಎತ್ತರವಾದರೆ ಹೆಡ್‌ಲೈಟಿನ ಬೆಳಕು ಹತ್ತಿರಕ್ಕೇ ಬೀಳುತ್ತದೆ. ಮುಂಭಾಗ ಎತ್ತರವಾದರೆ ಎದುರಿನವರ ಕಣ್ಣಿಗೆ ಬಡಿಯುತ್ತದೆ. ಆದ್ದರಿಂದ ದೀಪಗಳ ದಿಕ್ಕನ್ನೂ ಸರಿಪಡಿಸಬೇಕು.

ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ವಿಧಿಯು ತಯಾರಕರ ಮೂಲ ನಿರ್ದಿಷ್ಟತೆಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ವಿಧಿಯ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ವಿಧಿಯಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ನಿಗದಿತ ಮಿತಿ ಮೀರಿ ಭಾರ ತುಂಬಿದರೆ 194ನೆಯ ವಿಧಿಯಂತೆ 20,000 ರೂಪಾಯಿ ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಪಟ್ಟಿ ಸೇರಿಸಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿ ನಮೂದಾದ ಭಾರಮಿತಿ ಹೆಚ್ಚುವುದಿಲ್ಲ. ಆಕ್ಸಲ್, ಬ್ರೇಕ್ ಮತ್ತು ಟೈರುಗಳ ಸಾಮರ್ಥ್ಯ ಮೊದಲಿನಷ್ಟೇ ಇರುತ್ತದೆ.

ತರೀಕೆರೆಯಲ್ಲಿ ಸಾರಿಗೆ ಇಲಾಖೆಯ ಕಚೇರಿಯಿದ್ದು, ಅದರ ನೋಂದಣಿ ಸಂಕೇತ ಕೆಎ-66, ಚಿಕ್ಕಮಗಳೂರಿನದು ಕೆಎ-18. ಸರಕು ವಾಹನಗಳ ಅರ್ಹತಾ ಪತ್ರವನ್ನು 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ನವೀಕರಿಸಬೇಕಾಗುತ್ತದೆ. ಮೂಲ ನಿರ್ದಿಷ್ಟತೆಯ ಬಿಡಿಭಾಗಗಳಿಂದ ಮಾಡುವ ದುರಸ್ತಿ ಮತ್ತು ಬದಲಾವಣೆಗಳಿಗೆ ಈ ನಿರ್ಬಂಧಗಳು ಅಡ್ಡಿಯಾಗುವುದಿಲ್ಲ. ಈ ಲೇಖನದಲ್ಲಿ ವಿವರಿಸಿದ ಹೊಂದಾಣಿಕೆಯ ಹಂತಗಳಲ್ಲಿ ಹೆಚ್ಚಿನವು ಆ ಬಗೆಯವೇ ಆಗಿವೆ.