ಎಣ್ಣೆ ತಾಗಬಾರದ ಜಾಗ

1860ರ ದಶಕದಲ್ಲಿ ಪ್ಯಾರಿಸ್ಸಿನ ಮಿಶೋ ಕುಟುಂಬ ತಯಾರಿಸಿದ ಸೈಕಲ್ಲಿಗೆ ಹ್ಯಾಂಡಲ್ಲೇ ಬ್ರೇಕು. ಸವಾರ ಅದನ್ನು ತಿರುಚಿದರೆ ಹಗ್ಗ ಸುತ್ತಿಕೊಂಡು, ಹಿಂದಿನ ಚಕ್ರದ ಕಬ್ಬಿಣದ ಪಟ್ಟಿಗೆ ಒಂದು ತುಂಡನ್ನು ಒತ್ತುತ್ತಿತ್ತು. ಮುಂದಿನ ದಶಕದ ಎತ್ತರದ ಚಕ್ರದ ಸೈಕಲ್ಲುಗಳಲ್ಲಿ ಚಮಚದಾಕಾರದ ಲೋಹ ಮುಂದಿನ ಗಟ್ಟಿ ರಬ್ಬರ್ ಟೈರಿನ ಮೇಲೆಯೇ ಕೂರುತ್ತಿತ್ತು. ಜೋರಾಗಿ ಒತ್ತಿದರೆ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುವುದೇ ಹೆಚ್ಚು. ಹಾಗಾಗಿ ಹಲವರು ಪೆಡಲನ್ನು ಹಿಂದಕ್ಕೆ ತಡೆದೇ ವೇಗ ಇಳಿಸುತ್ತಿದ್ದರು.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬಂದು ಎರಡೂ ಚಕ್ರಗಳು ಹೆಚ್ಚುಕಡಿಮೆ ಸಮನಾದವು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಚಮಚದ ಬ್ರೇಕಿನ ಕಾಲ ಮುಗಿಯುತ್ತ ಬಂತು. ದುಬಾರಿ ಟೈರನ್ನು ಬ್ರೇಕೇ ಸವೆಸುವುದನ್ನು ಯಾರು ಸಹಿಸುತ್ತಾರೆ? ತಡೆಯುವ ಕೆಲಸ ರಿಮ್ಮಿಗೆ ಬಂತು. ಕೈಯ ಬಲವನ್ನು ರಿಮ್ಮಿನವರೆಗೆ ಒಯ್ಯಲು ಎರಡು ದಾರಿಗಳಿದ್ದವು: 1896ರಲ್ಲಿ ಅರ್ನೆಸ್ಟ್ ಬೌಡೆನ್ ಪೇಟೆಂಟ್ ಪಡೆದ, ಕೊಳವೆಯೊಳಗೆ ಜಾರುವ ತಂತಿ, ಇಲ್ಲವೇ ಗಟ್ಟಿ ಕಬ್ಬಿಣದ ಸರಳು.

ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಗಟ್ಟಿಮುಟ್ಟಾದ ಕಪ್ಪು ಸೈಕಲ್ಲುಗಳಲ್ಲಿ ಇದ್ದದ್ದು ಸರಳಿನ ಬ್ರೇಕು. 1949ರಲ್ಲಿ ಮದರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್, ಅಸನ್ಸೋಲಿನ ಸೆನ್-ರ್‍ಯಾಲಿ, 1951ರ ಅಟ್ಲಾಸ್, 1956ರ ಹೀರೋ ಎಲ್ಲವೂ ಅದೇ ಮಾದರಿಯನ್ನು ಮುಂದುವರಿಸಿದವು. ಲಿವರ್ ಎತ್ತಿದರೆ ಸರಳು ಮೇಲೇರಿ, ಲಾಳದಂಥ ಕಬ್ಬಿಣವೊಂದು ಎರಡು ರಬ್ಬರುಗಳನ್ನು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳಿರುವ ಕಡೆಗೆ, ಒತ್ತುತ್ತದೆ. ಚಕ್ರ ಅಕ್ಕಪಕ್ಕಕ್ಕೆ ತುಸು ಬೆಂಡಾದರೂ ಇದಕ್ಕೆ ಬಾಧೆಯಿಲ್ಲ. ದುಂಡು ಕೆಟ್ಟರೆ ಮಾತ್ರ ಪ್ರತಿ ಸುತ್ತಿಗೂ ರಬ್ಬರು ಉಜ್ಜುತ್ತದೆ.

ಈ ಬ್ರೇಕನ್ನು ಮನೆಯಂಗಳದಲ್ಲಿ ಒಂದು ಸ್ಪ್ಯಾನರಿನಿಂದಲೇ ಸರಿಪಡಿಸಬಹುದಿತ್ತು. ರಬ್ಬರು ಸವೆದಷ್ಟೂ ಲಿವರ್ ಮೇಲೆ ಬರುತ್ತದೆ. ಆಗ ಸರಳಿನ ಜೋಡಣೆಯ ಬೋಲ್ಟು ಸಡಿಲಿಸಿ, ಸರಳನ್ನು ಚೂರು ಜಾರಿಸಿ ಮತ್ತೆ ಬಿಗಿ ಮಾಡಿದರಾಯಿತು. ಹೊಸ ರಬ್ಬರು ತೂರಿಸುವಾಗ ಒಂದನ್ನು ನೆನಪಿಡಬೇಕು: ಅದನ್ನು ಹಿಡಿದಿಡುವ ತಗಡಿನ ಮುಚ್ಚಿದ ತುದಿ ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ತಿರುಗುಮುರುಗಾದರೆ ಮೊದಲ ಇಳಿಜಾರಿನಲ್ಲೇ ರಬ್ಬರು ಕಳಚಿ ಹಾರುತ್ತದೆ.

ಕೆಡುಕು ಬರುತ್ತಿದ್ದುದು ಹೆಚ್ಚಾಗಿ ಅತಿಯಾದ ಆರೈಕೆಯಿಂದ. ಇಂಗ್ಲಿಷಿನ ಓವರ್‌ಹಾಲ್ ನಮ್ಮ ಸೈಕಲ್ ಶಾಪುಗಳ ಬಾಯಲ್ಲಿ ‘ಓವರಾಯಿಲಿಂಗ್’ ಆದದ್ದು ಬರಿಯ ಉಚ್ಚಾರದ ತಪ್ಪೆನ್ನಲಾಗದು. ದುರಸ್ತಿ ಎಂದರೆ ಎಣ್ಣೆ ಬಿಡುವುದು ಎಂಬ ನಂಬಿಕೆಯೂ ಅದರೊಳಗೆ ಸೇರಿಕೊಂಡಿದೆ. ಚೈನಿಗೆ, ಲಿವರಿನ ಕೀಲಿಗೆ, ಸರಳಿನ ತಿರುವುಗಳಿಗೆ ಎಣ್ಣೆ ಬೇಕು ನಿಜ. ರಿಮ್ಮಿಗೆ ಒಂದು ಹನಿ ತಾಗಿದರೂ ಬ್ರೇಕು ಹಿಡಿಯುವುದಿಲ್ಲ. ಆಯುಧಪೂಜೆಯಂದು ಸೈಕಲ್ ತೊಳೆದು, ಅರಿಶಿನ ಕುಂಕುಮ ಹಚ್ಚುವ ಮೊದಲು ರಿಮ್ಮು ಮಿರಿಮಿರಿ ಮಿಂಚಲೆಂದು ಎಣ್ಣೆಬಟ್ಟೆಯಲ್ಲಿ ಒರೆಸಿದರೆ ಪೂಜೆಯ ಸವಾರಿಯೇ ಅಪಾಯದ್ದು. ಸೀಮೆಎಣ್ಣೆಯಿಂದ ತಿಕ್ಕಿದರೂ ಜಿಡ್ಡಿನ ಪದರ ಉಳಿಯುತ್ತದೆ. ಸೋಪಿನ ನೀರಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಲೇಬೇಕು. ಗಟ್ಟಿಯಾಗಿ ಹೊಳಪೇರಿದ ರಬ್ಬರಿನ ಮೈಯನ್ನು ಮರಳುಕಾಗದದಿಂದ ಉಜ್ಜಿದರೆ ಹಿಡಿತ ಮರಳುತ್ತದೆ.

ಮಳೆಗೆ ಮಾತ್ರ ಮನೆಮದ್ದಿರಲಿಲ್ಲ. ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮು ನೆನೆದರೆ ರಬ್ಬರು ಜಾರುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕಾಗಿ ಚರ್ಮದ ಹೊದಿಕೆಯ ಬ್ರೇಕ್ ರಬ್ಬರುಗಳನ್ನು ಮಾರುತ್ತಿದ್ದರು. ಮಲೆನಾಡಿನ ಮಳೆಗಾಲದ ಇಳಿಜಾರಿನಲ್ಲಿ ಮುಂಚಿತವಾಗಿಯೇ ಲಿವರನ್ನು ಮೆಲ್ಲಗೆ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳುವುದೇ ಉಪಾಯ. ಕೊನೆಯ ಗಳಿಗೆಯಲ್ಲಿ ಕಾಲನ್ನು ನೆಲಕ್ಕೆ ಊರುವುದೂ ಇತ್ತು. ಅಲ್ಯೂಮಿನಿಯಂ ರಿಮ್ಮುಗಳು ಬಂದ ಮೇಲೆ ಈ ತೊಂದರೆ ಬಹಳಷ್ಟು ತಗ್ಗಿತು.

ಬೌಡೆನ್ನನ ತಂತಿಯೇ ಕಡೆಗೆ ಗೆದ್ದಿತು. ತಂತಿಯ ಬ್ರೇಕು ಹಗುರ, ಆದರೆ ರಿಮ್ಮಿನ ಪಕ್ಕವನ್ನು ಅದುಮುವುದರಿಂದ ಚಕ್ರದ ಬೆಂಡನ್ನು ಅದು ಸಹಿಸುವುದಿಲ್ಲ. ಕೊಳವೆಯೊಳಗೆ ತುಕ್ಕು ಹಿಡಿದರೆ ಲಿವರ್ ಬಿಗಿಯಾಗುತ್ತದೆ. 1996ರಲ್ಲಿ ಜಪಾನಿನ ಶಿಮಾನೊ ತಂದ ವಿ-ಬ್ರೇಕಿನಲ್ಲೂ ಆರೈಕೆಯ ಕ್ರಮ ಹೆಚ್ಚು ಬದಲಾಗಲಿಲ್ಲ. ಡಿಸ್ಕ್ ಬ್ರೇಕಿನಲ್ಲಿ ತಡೆಯುವ ಜಾಗ ರಿಮ್ಮನ್ನು ಬಿಟ್ಟು ಹಬ್ಬಿನ ಪಕ್ಕದ ತಟ್ಟೆಗೆ ಹೋಯಿತು. ಅದನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸುತ್ತಾರೆ. ಹೈಡ್ರಾಲಿಕ್ ಮಾದರಿಯಲ್ಲಿ ಎಣ್ಣೆಯೇ ಕೊಳವೆಯೊಳಗಿದ್ದು ಒತ್ತಡ ಸಾಗಿಸುತ್ತದೆ, ಆದರೆ ಅದೇ ಎಣ್ಣೆ ಸೋರಿ ಪ್ಯಾಡಿಗೆ ಇಂಗಿದರೆ ಸಾಮಾನ್ಯವಾಗಿ ಪ್ಯಾಡನ್ನೇ ಬದಲಿಸಬೇಕಾಗುತ್ತದೆ.